ಸಿಟ್ಟು ಬಿಟ್ಟ ಹನುಮಂತ್ರಾಯ

೧೯೭೮ರ ಬೇಸಿಗೆಯಲ್ಲಿ ರಾಯಚೂರಿಗೆ ಹೋಗಿ, ಮೂರು ದಿನದ ಸದ್ಗುಣ ಶಿಬಿರ ಮುಗಿಸಿ ಮಾನ್ವಿಗೆ ಬಂದ ಗುಮಾಸ್ತ ಹನುಮಂತ್ರಾಯ, ಚಪ್ಪಲಿ ಬಿಡುವ ಮೊದಲೇ ಹೆಂಡತಿಗೆ ಹೇಳಿದ: "ಗೋಪಮ್ಮ, ಇವತ್ತಿನಿಂದ ನಾ ಸಿಟ್ಟು ಬಿಟ್ಟೀನಿ."

ಗೋಪಮ್ಮ ಮನಸ್ಸಿನಲ್ಲೇ ದೇವರಿಗೆ ಕಾಯಿ ಹರಕೆ ಹೊತ್ತಳು. ಸಾರಿಗೆ ಉಪ್ಪು ಹೆಚ್ಚಾದರೆ ತಾಟು ಅಂಗಳಕ್ಕೆ ಹಾರುವುದನ್ನು ಹದಿನಾರು ವರ್ಷ ನೋಡಿದವಳು ಆಕೆ.

ಕಾಯಿ ಒಡೆಸುವಷ್ಟರಲ್ಲೇ ಅಸಲು ಸಂಗತಿ ತಿಳಿಯಿತು. ಪಕ್ಕದ ಮನೆಯ ಆಡು ಹಿತ್ತಲಿಗೆ ನುಗ್ಗಿ ಮೆಂತ್ಯೆ ಮಡಿಯನ್ನು ಬೋಳು ಮಾಡಿ ಹೋಯಿತು. ಹನುಮಂತ್ರಾಯನ ಕಿವಿ ಕೆಂಪಾದವು. ಕಣ್ಣು ಮುಚ್ಚಿ ಉಸಿರೆಳೆದುಕೊಂಡು, "ನಾ ಬೈದ್ರ ವ್ರತ ಕೆಡ್ತದ. ನೀ ಹೋಗಿ ಬೈದು ಬಾ" ಎಂದ. ಆಕೆ ಮೆತ್ತಗೆ ಎರಡು ಮಾತಾಡಿ ಬಂದರೆ, "ಅಷ್ಟ ಸಾಲಂಗಿಲ್ಲ, ಅವರ ಮನೆತನ ಎತ್ತಿ ಆಡು" ಎಂದು ನಗುನಗುತ್ತಾ ಮತ್ತೆ ಕಳಿಸಿದ.

ಆಮೇಲೆ ಕಿರಾಣಿ ಅಂಗಡಿಯವನ ಮೇಲೂ ನಳದ ನೀರು ಬಿಡುವವನ ಮೇಲೂ ಗೋಪಮ್ಮನೇ ಹಾರಾಡಬೇಕಾಯಿತು. ಆರು ತಿಂಗಳಲ್ಲಿ ಓಣಿಯ ಜನ ಆಕೆಯನ್ನು ಕಂಡರೆ ಬಾಗಿಲು ಮುಚ್ಚಿಕೊಳ್ಳತೊಡಗಿದರು. ಗಂಡನನ್ನು ಕಂಡರೆ ಕೈ ಮುಗಿದರು. "ಆ ಬಾಯಿಬಡಕಿ ಕೂಡ ಹೆಂಗ ಬಾಳ್ವೆ ಮಾಡ್ತಾನೋ, ದೇವರಂಥ ಮನಷ್ಯಾ!" ಎಂದು ಕನಿಕರಪಟ್ಟರು. ಹನುಮಂತ್ರಾಯ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ. ಶಿಬಿರದಲ್ಲಿ ವಿನಯ ಎರಡನೇ ದಿನದ ಪಾಠವಾಗಿತ್ತು.

ದೇವದುರ್ಗದ ಸಂಘವೊಂದು ಕೋಪ ಗೆಲ್ಲುವ ಬಗೆಯ ಮೇಲೆ ಭಾಷಣ ಮಾಡಲು ಅವನನ್ನು ಕರೆಯಿತು. ತನಗೆ ಹಾರ ಹಾಕುವುದನ್ನು ನೋಡಲಿ ಎಂದು ಹೆಂಡತಿಯನ್ನೂ ಕರೆದೊಯ್ದ. ಒಂದೂವರೆ ತಾಸು ಮಾತಾಡಿದ. ಕೊನೆಗೆ ಬಳೆ ಮಾರುವ ಮುದುಕಿ ಹಾಜಿರಾ ಬೀ ಎದ್ದು ನಿಂತು ಗೋಪಮ್ಮನನ್ನೇ ಕೇಳಿದಳು: "ಮನಿಯಾಗ ಇವರು ಖರೇನ ಸಿಟ್ಟು ಮಾಡಂಗಿಲ್ಲೇನವ್ವಾ?"

ಗೋಪಮ್ಮ ಸೆರಗು ಸರಿಮಾಡಿಕೊಂಡಳು. "ಇಲ್ಲ ಯವ್ವಾ. ಅವರು ಬಿಟ್ಟ ಸಿಟ್ಟು ನಾ ಹೊತ್ಕೊಂಡು ಓಣಿ ತುಂಬ ತಿರುಗಾಕತ್ತೀನಿ. ಯಾರಿಗೆ ಏನಂತ ಬೈಬೇಕು ಅಂತ ಮುಂಜಾನಿ ಅವರೇ ಹೇಳಿ ಕಳಸ್ತಾರ. ನನಗೂ ಸಾಕಾಗ್ಯದ. ಇವತ್ತಿಗೆ ನಾನೂ ಬಿಟ್ಟೆ."

ಸಭೆ ಬಿದ್ದು ಬಿದ್ದು ನಕ್ಕಿತು. ಹನುಮಂತ್ರಾಯನ ಮಂದಹಾಸ ಒಂದು ಗಳಿಗೆ ತುಟಿಯಲ್ಲೇ ತೂಗಾಡಿ ಕಳಚಿ ಬಿತ್ತು.

"ಏ, ಬಾಯಿ ಮುಚ್ಚು! ಮಾನಗೇಡಿ!"

ಮೈಕು ಮುಂದೆಯೇ ಇತ್ತು. ಆ ಮಾತು ಆಚೆ ಬೀದಿಯ ಚಹಾ ಅಂಗಡಿಯವರೆಗೂ ಕೇಳಿಸಿತು.

ಮಾನ್ವಿಗೆ ಮರಳುವ ಬಸ್ಸಿನಲ್ಲಿ ಅವನು ಸಂಘದವರನ್ನು ಬೈದ, ಮುದುಕಿಯನ್ನು ಬೈದ, ಕಿಟಕಿಯಿಂದ ಬರುವ ಧೂಳನ್ನೂ ಬಿಡಲಿಲ್ಲ. ಗೋಪಮ್ಮ ಕಂಬಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ಊರು ಬಂದಾಗ ಕಂಡಕ್ಟರು ಎರಡು ಸಲ ಕೂಗಿ ಎಬ್ಬಿಸಬೇಕಾಯಿತು.