ಡಾರ್ಕ್ ವೆಬ್ಬಿಗೆ ತಲುಪಿದ ಉಳ್ಳಾಗಡ್ಡಿ ಬಜಿ

ಚಿತ್ತಾಪುರ ತಾಲ್ಲೂಕಿನ ಇತಿಹಾಸವನ್ನು ಮುಂದೆ ಯಾರಾದರೂ ಬರೆಯುವುದಾದರೆ ಒಂದು ಅಧ್ಯಾಯವನ್ನು ಈ ಸಂಗತಿಗೆ ಮೀಸಲಿಡಬೇಕು: ಹೋದ ಏಕಾದಶಿಯ ಸಂಜೆ ನಾಲ್ಕೂ ಮುಕ್ಕಾಲಿಗೆ, ವಾಡಿ ಜಂಕ್ಷನ್ನಿನ ಹೊರಗೆ, ಬೇವಿನ ಗಿಡದ ಮರೆಯಲ್ಲಿ, ನರಸಿಂಹಾಚಾರ್ಯರು ಉಳ್ಳಾಗಡ್ಡಿ ಬಜಿ ತಿಂದರು.

ಅವರು ವಾಡಿಯ ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರು. ಚಿತ್ತಾಪುರದ ಅವರ ಮನೆಯೊಳಗೆ ಉಳ್ಳಾಗಡ್ಡಿಯ, ಅಂದರೆ ಈರುಳ್ಳಿಯ, ಸಿಪ್ಪೆಗೂ ಪ್ರವೇಶವಿಲ್ಲ. ಏಕಾದಶಿಯಂದು ತಾಯಿ ರುಕ್ಮಿಣಿಬಾಯಿ ನೀರನ್ನೂ ಮುಟ್ಟುವುದಿಲ್ಲ. ಮಗನೂ ಹಾಗೆಯೇ ಎಂದು ಬಳಗದವರೆಲ್ಲ ನಂಬಿದ್ದರು. ಉಳಿದ ದಿನಗಳಲ್ಲಿ ಅವರು ಖಾಜಾಮಿಯಾನ ಬಜಿ ಬಂಡಿಯತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ, ಅದು ನಿಜ. ಹೊಟ್ಟೆ ತುಂಬಿರುವಾಗ ನಿಷ್ಠೆ ಅಂಥ ಕಷ್ಟದ ಕೆಲಸವೇನಲ್ಲ.

ಬರುವ ಭಾನುವಾರ ಸೇಡಂನಲ್ಲಿ ಏಕಾದಶಿ ವ್ರತದ ಮಹಿಮೆ ಕುರಿತು ಅವರದೇ ಉಪನ್ಯಾಸವಿತ್ತು. ಕರಪತ್ರದಲ್ಲಿ ಅವರ ಹೆಸರಿನ ಹಿಂದೆ ‘ವ್ರತನಿಷ್ಠ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

ಶುಕ್ರವಾರ ಬೆಳಿಗ್ಗೆ ಒಂದು ಇ-ಮೇಲ್ ಬಂತು. ಬರೆದವನು ಡಾರ್ಕ್ ವೆಬ್ಬಿನ ಹ್ಯಾಕರನಂತೆ. ನಿನ್ನ ಪಾಸ್‌ವರ್ಡ್ ನನಗೆ ಗೊತ್ತು ಎಂದು ಇಂಗ್ಲಿಷಿನಲ್ಲಿ ಆರಂಭಿಸಿ, ಅದನ್ನು ಬರೆದೂ ಇದ್ದ: ಆಚಾರ್ಯರು ಹತ್ತು ವರ್ಷದಿಂದ ಎಲ್ಲ ಕಡೆ ಬಳಸುತ್ತಿದ್ದ ಹಯಗ್ರೀವನ ಹೆಸರು, ಅದರ ಬಾಲಕ್ಕೆ ಒಂದು ಎರಡು ಮೂರು. ಮುಂದೆ ಹೀಗಿತ್ತು: ‘ತಿಂಗಳುಗಟ್ಟಲೆ ನಿನ್ನ ಫೋನಿನ ಕ್ಯಾಮೆರಾದೊಳಗೆ ಕುಳಿತಿದ್ದೇನೆ. ಯಾರೂ ನೋಡುತ್ತಿಲ್ಲವೆಂದು ನೀನು ಅನುಭವಿಸಿದ ಹೊಲಸು ಸುಖದ ವಿಡಿಯೊ ನನ್ನಲ್ಲಿದೆ. ಎರಡು ದಿನದೊಳಗೆ ಬಿಟ್‌ಕಾಯಿನ್ ಕಳಿಸು. ಇಲ್ಲವಾದರೆ ನಿನ್ನ ಬಂಧುಬಳಗವೆಲ್ಲ ಅದನ್ನು ನೋಡುತ್ತದೆ.’

ಆತ ಹೇಳುತ್ತಿದ್ದುದು ಬೇರೆ ಬಗೆಯ ಸುಖ ಎಂಬುದು ಆಚಾರ್ಯರಿಗೆ ಹೊಳೆಯಲೇ ಇಲ್ಲ. ಕಣ್ಣೆದುರು ಬಂದದ್ದು ಬಜಿ. ಎರಡನೆಯ ಪ್ಲೇಟು ಕೇಳಿದ್ದು, ಬೆರಳು ನೆಕ್ಕಿದ್ದು. ಆಗ ಫೋನು ಅಂಗಿಯ ಜೇಬಿನಿಂದ ಇಣುಕುತ್ತಿತ್ತಲ್ಲ!

ಮಧ್ಯಾಹ್ನದ ಬಿಡುವಿನಲ್ಲಿ ಬಂಡಿಗೆ ಓಡಿದರು.

“ಖಾಜಾಮಿಯಾ, ಇಲ್ಲಿ ಯಾರರೆ ನನ್ನ ವಿಡಿಯೊ ತಗದಾರೇನು?”

“ನಿಮ್ದಾ? ಬಜಿ ತಿನ್ನೋದಾ?” ಎಣ್ಣೆಯಿಂದ ಬಜಿ ಎತ್ತುತ್ತಿದ್ದ ಖಾಜಾಮಿಯಾನ ಝಾರಿ ಗಾಳಿಯಲ್ಲೇ ನಿಂತಿತು. “ಇದ್ರ ನನಗೊಂದು ಕೊಡಸ್ರಿ ಆಚಾರ್ರ. ಬಂಡಿಗಿ ಹಚ್ತೀನಿ.”

“ಚೇಷ್ಟಿ ಮಾಡಬ್ಯಾಡ. ಮಾನದ ಪ್ರಶ್ನಿ ಅದ.”

“ಹೋಗ್ಲಿ ಬಿಡ್ರಿ. ಬಿಸಿ ಅವ, ಒಂದು ಪ್ಲೇಟ್ ಕೊಡ್ಲೇನು?”

“ಇವತ್ತೇನು ಏಕಾದಶಿ ಏನೋ?” ಎಂದು ಸಿಡುಕಿ ಆಚಾರ್ಯರು ಹೊರಟುಬಿಟ್ಟರು.

ಸಂಜೆ ರೈಲಿನಲ್ಲಿ ಅವರಿಗೆ ಒಂದೇ ದಾರಿ ಕಂಡಿತು: ಹ್ಯಾಕರ್ ಹೇಳುವ ಮೊದಲು ತಾವೇ ಹೇಳಿಬಿಡುವುದು. ಚಿತ್ತಾಪುರ ಬರುವಷ್ಟರಲ್ಲಿ ಬಳಗದ ವಾಟ್ಸಾಪ್ ಗುಂಪಿಗೆ ಎಲ್ಲವನ್ನೂ ಬರೆದು ಹಾಕಿದರು: ಮೇಲ್, ಬೇವಿನ ಗಿಡ, ಎರಡು ಪ್ಲೇಟು. ಓದಿದ ಗುರುತಿನ ನೀಲಿ ಟಿಕ್‌ಗಳು ಮೂಡಿದವು. ಉತ್ತರ ಒಂದೂ ಬರಲಿಲ್ಲ.

ಶನಿವಾರ ಶಾಲೆಯಲ್ಲಿ ಕಂಪ್ಯೂಟರ್ ಟೀಚರ್ ಯಶೋಧರಾಳಿಗೆ ಮೇಲ್ ತೋರಿಸಿದರು. ಸನ್ನತಿಯ ಹುಡುಗಿ, ಮಾತು ನೇರ.

“ಸರ್, ಇದು ಲಕ್ಷಗಟ್ಲೆ ಮಂದಿಗಿ ಹೋಗೋ ಮೇಲ್ ರೀ. ಕದ್ದ ಪಾಸ್‌ವರ್ಡ್ ಡಾರ್ಕ್ ವೆಬ್‌ನ್ಯಾಗ ಗಂಟು ಕಟ್ಟಿ ಮಾರ್ತಾರ. ಮೊನ್ನಿ ಒಂದು ಪಂಚಾಂಗದ ಆ್ಯಪಿಂದ ಭಾಳ ಮಂದೀದು ಸೋರ್ಯಾವಂತ, ನೀವೂ ಅದನ್ನ ಹಾಕ್ಕೊಂಡಿದ್ರೇನು?”

“ಬಳಗದವರೆಲ್ಲಾ ಹಾಕ್ಕೊಂಡೀವಿ.”

“ಹಂಗಾದ್ರ ಅಲ್ಲಿಂದೇ ಹೋಗ್ಯಾದ. ವಿಡಿಯೊ ಗಿಡಿಯೊ ಏನೂ ಇರಂಗಿಲ್ಲ. ಪಾಸ್‌ವರ್ಡ್ ಬದಲ್ ಮಾಡ್ರಿ, ಸುಮ್ಮನ ಕುಂದ್ರಿ.”

“ಸುಮ್ಮನ ಕೂಡೋ ವ್ಯಾಳ್ಯಾ ನಿನ್ನೇನ ಮುಗೀತವಾ,” ಎಂದು ಆಚಾರ್ಯರು ಗುಂಪಿಗೆ ಹಾಕಿದ್ದನ್ನು ತೋರಿಸಿದರು.

ಯಶೋಧರಾ ಓದಿದಳು. “ಬಜಿ? ಇಂಥ ಮೇಲ್ ಬಂದಾಗ ಬಜಿ ನೆನಸಿದ ಗಂಡಸ್ರನ್ನ ನಾ ಇವತ್ತೇ ನೋಡಾಕತ್ತೀನ್ರಿ ಸರ್.”

ಅಷ್ಟರಲ್ಲಿ ಫೋನು ಟಿಣ್ ಎಂದಿತು. ಗುಂಪಿನಲ್ಲಿ ಸೇಡಂನ ಆನಂದತೀರ್ಥರು, ಉಪನ್ಯಾಸ ಏರ್ಪಡಿಸಿದ ಬಳಗದವರು: ‘ನನಗೂ ಅದೇ ಮೇಲ್ ಬಂದದ. ಚಿಂಚೋಳಿ ಬಸ್ ಸ್ಟ್ಯಾಂಡಿನಾಗ ತಿಂದ ಬೆಳ್ಳುಳ್ಳಿ ಹಾಕಿದ ಚುರಮುರಿ ಸುಸಲಾ ಅಂತ ತಿಳದು ರಾತ್ರಿಯೆಲ್ಲಾ ನಿದ್ದಿಲ್ಲ.’ ಹಿಂದೆಯೇ ಶಹಾಬಾದಿನ ಪವಮಾನ: ‘ನಂದು ಎಗ್ ಪಫ್. ಎರಡೇ ಸಲ.’ ಸಾಲುಸಾಲಾಗಿ ಬರತೊಡಗಿದವು. ಹಿರಿಯರೊಬ್ಬರು ‘ನಂದು ಹೇಳಾಂಗಿಲ್ಲ’ ಎಂದಷ್ಟೇ ಬರೆದು ಗುಂಪು ಬಿಟ್ಟರು.

ಮನೆಗೆ ಬಂದು ಆಚಾರ್ಯರು ತಾಯಿಯ ಮುಂದೆ ತಲೆ ತಗ್ಗಿಸಿ ನಿಂತರು. ರುಕ್ಮಿಣಿಬಾಯಿಗೆ ಗುಂಡಿ ಒತ್ತುವ ಹಳೆಯ ಫೋನು. ಮೇಲು, ಆ್ಯಪು, ಗುಂಪು ಒಂದೂ ಇಲ್ಲ. ಹೂಬತ್ತಿ ಹೊಸೆಯುತ್ತ ಎಲ್ಲ ಕೇಳಿಸಿಕೊಂಡರು.

“ಹನ್ನೆರಡು ವರ್ಷಾತು, ಏಕಾದಶಿ ದಿನಾನೇ ನಿನ್ನ ಕರವಸ್ತ್ರಕ್ಕ ಎಣ್ಣಿ ಹತ್ತಿರ್ತದ. ಇದನ್ನ ಕಂಡುಹಿಡೀಲಿಕ್ಕೆ ಹ್ಯಾಕರ್ ಬೇಕೇನು?”

“ಅವ್ವಾ, ಗೊತ್ತಿದ್ದೂ ಸುಮ್ಮನಿದ್ದಿ?”

“ಹಸದವನ್ನ ಏನು ಬೈಯೋದು? ಆದ್ರ ‘ವ್ರತನಿಷ್ಠ’ ಅಂತ ಅಚ್ಚು ಹಾಕಿಸ್ಕೊಂಡಿಯಲ್ಲ, ಅದು ಜಾಸ್ತಿ ಆತು.”

ಅದೇ ಹೊತ್ತಿಗೆ ಆನಂದತೀರ್ಥರ ಫೋನು ಬಂತು. ನಾಳೆ ಮಾತಾಡಲಿಕ್ಕೆ ಬಳಗದಲ್ಲಿ ಆ ಮೇಲ್ ಬಾರದವರು ಯಾರಾದರೂ ಉಳಿದಿದ್ದಾರೆಯೇ ಎಂದು ಕೇಳಿದರು.

ಭಾನುವಾರ ಸೇಡಂನಲ್ಲಿ ಏಕಾದಶಿಯ ಉಪನ್ಯಾಸವನ್ನು ರುಕ್ಮಿಣಿಬಾಯಿ ಮಾಡಿದರು.