ರಜೆಯ ಪೈಪಿನ ತೂತು

ಬಾಗಿಲ ಮೇಲಿನ ಬೋರ್ಡಿನಲ್ಲಿ ಕಾರ್ಖಾನೆ ಎಂದು ದಪ್ಪಕ್ಷರದಲ್ಲಿ ಬರೆಸಿದ್ದರೂ ಅದು ಒಂದು ಉದ್ದನೆಯ ಕೋಣೆ, ಅಷ್ಟೇ. ಒಂದು ಬದಿಗೆ ಸಾಲು ಕಿಟಕಿ, ಕಿಟಕಿಯ ಕೆಳಗೆ ಉದ್ದಕ್ಕೂ ಮೇಜು, ಮೇಜಿನ ಮೇಲೆ, ಕೆಳಗೆ, ಕೂತವರ ಹುಬ್ಬಿನ ಮೇಲೂ ಮರದ ಪುಡಿ. ಅಲ್ಲಿ ತಂಬಾಕು ಸೇದುವ ಪೈಪುಗಳನ್ನು ಮಾಡುತ್ತಿದ್ದರು. ಅಣ್ಣ ಮರ ಕೆತ್ತಿ ಆಕಾರ ಕೊಡುತ್ತಿದ್ದ, ತಂಗಿ ತೂತು ಕೊರೆಯುತ್ತಿದ್ದಳು. ಅಪ್ಪ ಅಮ್ಮನ ಕಾಲದಲ್ಲೂ ಹಾಗೇ ಇತ್ತು: ಅಪ್ಪನದು ಆಕಾರ, ಅಮ್ಮನದು ತೂತು. ತಂಗಿಯ ತಲೆ ಈಗ ಅರ್ಧ ನರೆತಿತ್ತು, ಬೀದಿಗೆ ಬೀದಿಯೇ ಅವಳನ್ನು ತೂತಕ್ಕ ಎಂದು ಕರೆಯುತ್ತಿತ್ತು.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಹರೆಯದಲ್ಲಿ ಅವಳು ಯಾರಿಗೂ ಹೇಳದೆ ತಾನೇ ಒಂದು ಪೈಪು ಕೆತ್ತಿ ಅಪ್ಪನ ಮುಂದೆ ಇಟ್ಟಿದ್ದಳು. ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುವಿ ನೋಡಿ, ಚೆನ್ನಾಗಿದೆ, ಆದರೆ ತೂತು ಇನ್ನೂ ಚೆನ್ನಾಗಿದೆ ಎಂದುಬಿಟ್ಟ. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳೂ ನಕ್ಕಳು, ನಗದೆ ಇನ್ನೇನು ಮಾಡುವುದು. ಆಮೇಲೆ ಅವಳು ಉಳಿ ಮುಟ್ಟಲಿಲ್ಲ. ಅಮ್ಮನ ಕೈಯಿಂದ ತೂತು ಕೊರೆಯುವ ಬೈರಿಗೆ ಇಸಿದುಕೊಂಡವಳು ಅದನ್ನು ಕೆಳಗಿಡಲೇ ಇಲ್ಲ.

ವರ್ಷವಿಡೀ ಮಾಡುವ ಪೈಪುಗಳದು ಒಂದು ತೂಕವಾದರೆ ರಜೆಯ ಪೈಪಿನದೇ ಒಂದು ತೂಕ. ವರ್ಷದ ಕೊನೆಯ ರಜೆಯಲ್ಲಿ ಮಾರಲೆಂದು ಪ್ರತಿ ಸಲ ಹೊಸ ಆಕಾರದ ಪೈಪೊಂದು ಹೊರಡಬೇಕು. ಅದಕ್ಕೆ ಅಪ್ಪ ಹಾಕಿಕೊಟ್ಟ ಕಟ್ಟಳೆ ಇತ್ತು. ಹಿಂದಿನ ವರ್ಷದ ಪೈಪಿನಿಂದ ಒಂದು ಗುಣ ಉಳಿಸಿಕೊಳ್ಳಬೇಕು, ಒಂದನ್ನು ಬದಲಿಸಬೇಕು. ತಯಾರಾದ ಮೊದಲ ಪೈಪನ್ನು ಕೆತ್ತಿದವನು ಎಲ್ಲರೆದುರು ಬಾಯಿಗಿಟ್ಟು, ತಂಬಾಕು ತುಂಬದೆ, ಬರೀ ಗಾಳಿ ಎಳೆದು ನೋಡಬೇಕು. ಇದಕ್ಕೆ ಉಸಿರು ನೋಡುವುದು ಎನ್ನುತ್ತಿದ್ದರು. ಅಪ್ಪ ಗಾಳಿ ಎಳೆದು 'ಹೂಂ' ಎನ್ನುತ್ತಿದ್ದ. ಅಣ್ಣ 'ಸರಿ' ಎನ್ನುತ್ತಿದ್ದ. ಅಷ್ಟಾದ ಮೇಲೆ ಆ ಪೈಪು ಗೋಡೆಯ ಹಲಗೆಯ ಮೇಲೆ ಹಿಂದಿನವುಗಳ ಪಕ್ಕ ಕೂರುತ್ತಿತ್ತು. ಹಲಗೆಯ ಮೇಲಿನ ಯಾವುದಕ್ಕೂ ಬೆಂಕಿ ತಾಗಿಸಿದವರಿಲ್ಲ.

ಹಲಗೆಯ ಆ ತುದಿಯಲ್ಲಿ ಅಪ್ಪನ ಮೊದಲ ಪೈಪು, ಸ್ಟೂಲಿನ ಕಾಲಿನ ಹಾಗೆ ನೆಟ್ಟಗೆ, ಒರಟಾಗಿ. ಆಮೇಲಿನದಕ್ಕೆ ಕತ್ತು ಸ್ವಲ್ಪ ಬಾಗಿತು. ಅದರಾಚೆಯದಕ್ಕೆ ಕತ್ತಿಗೊಂದು ಬೆಳ್ಳಿಯ ಬಳೆ ಬಂತು. ಒಳ್ಳೆಯ ಮರ ಸಿಗದ ವರ್ಷದ ಪೈಪು ಮೋಟಾಗಿತ್ತು, ಸೇದಿದರೆ ಮೂಗೇ ಸುಡಬೇಕು. ಜನ ಅದನ್ನೇ ಮುಗಿಬಿದ್ದು ಕೊಂಡರು. ಅಣ್ಣನ ಕಾಲಕ್ಕೆ ತಂಬಾಕು ತುಂಬುವ ಬಟ್ಟಲು ದೊಡ್ಡದಾಯಿತು, ಮೈಮೇಲೆ ತೊಗಟೆಯಂಥ ಗೀರುಗಳು ಬಂದವು. ಒಂದು ವರ್ಷ ಅಣ್ಣ ತಳವನ್ನು ಚಪ್ಪಟೆ ಮಾಡಿದ, ಪೈಪು ಮೇಜಿನ ಮೇಲೆ ತಾನಾಗಿ ನಿಂತಿತು. ಎಲ್ಲರೂ ಭೇಷ್ ಎಂದರು. ತೂತಕ್ಕನಿಗೆ ಮಾತ್ರ ಅವತ್ತು ಒಂಥರಾ ಆಯಿತು. ಕೈಯಲ್ಲಿರಬೇಕಾದದ್ದು ನಿಲ್ಲುವುದು ಯಾಕೆ ಕಲಿಯಬೇಕು? ಅವಳ ಅನುಮಾನ ಸುಳ್ಳಾಗಲಿಲ್ಲ. ಅಲ್ಲಿಂದ ಮುಂದೆ ರಜೆಯ ಪೈಪುಗಳು ಸೇದುವವರ ಮನೆಗಿಂತ ಗಾಜಿನ ಕಪಾಟುಗಳಿಗೇ ಹೆಚ್ಚು ಹೋದವು. ಪೆಟ್ಟಿಗೆ ಪೈಪಿಗಿಂತ ಚೆಂದವಾಗುತ್ತಾ ಬಂತು. ಡಾಕ್ಟರು ಗದರಿದ ಮೇಲೆ ಅಣ್ಣನೂ ಸೇದುವುದು ಬಿಟ್ಟ. ಅದೇನೋ ಒಳ್ಳೆಯದೇ ಆಯಿತು, ಅವನ ಕೆಮ್ಮು ಕೇಳಿ ಕೇಳಿ ಅವಳಿಗೂ ಸಾಕಾಗಿತ್ತು.

ಈ ವರ್ಷ ಅಣ್ಣ ಆಕಾರದ ಕೆಲಸವನ್ನು ತನ್ನ ಮಗಳಿಗೆ ಬಿಟ್ಟ. ಹುಡುಗಿಯ ಕೈ ಚುರುಕು. ಅವಳು ಜೇಡಿಮಣ್ಣಿನಲ್ಲಿ ಮಾಡಿಟ್ಟ ಮಾದರಿಯನ್ನು ನೋಡಲು ಕೆಲಸಕ್ಕೆ ಕೂತವರೆಲ್ಲ ಎದ್ದು ಬಂದರು. ಕತ್ತು ಹಿಂದಕ್ಕೆ ತಿರುಗಿಸಿ ನಿದ್ದೆ ಹೋದ ಬಾತುಕೋಳಿಯ ಹಾಗಿತ್ತು ಅದು. ಅಣ್ಣ ಹಿಗ್ಗಿ ಹೀರೇಕಾಯಾದ. ಒಂದು ಮಾತು ಯಾರನ್ನೂ ಕೇಳದೆ ಅದರ ಫೋಟೋ ತೆಗೆಸಿ ಪೆಟ್ಟಿಗೆಗಳ ಮೇಲೆ ಅಚ್ಚು ಹಾಕಿಸಿಬಿಟ್ಟ.

ತೂತಕ್ಕ ಮಾದರಿಯನ್ನು ಕೈಗೆತ್ತಿಕೊಂಡಳು, ಕಣ್ಣು ಮುಚ್ಚಿ ಬೆರಳಾಡಿಸಿದಳು. ಕೊರೆಯಲು ಆಗುವುದಿಲ್ಲ ಎಂದು ಅವಳಿಗೆ ಆಗಲೇ ತಿಳಿಯಿತು. ಕತ್ತಿನ ತುದಿಯಿಂದ ಹೊರಟ ಬೈರಿಗೆ ಬಟ್ಟಲಿನ ತಳಕ್ಕೆ ಸರಿಯಾಗಿ ಹೋಗಿ ಮುಟ್ಟಬೇಕು. ಬಾಯಿಗಿಡುವ ಕೊಳವೆಯನ್ನಾದರೆ ಬಿಸಿ ಮಾಡಿ ಬಗ್ಗಿಸಬಹುದು, ಮರ ಬಗ್ಗುವುದಿಲ್ಲ, ಬೈರಿಗೆಗೆ ನೆಟ್ಟಗೆ ಹೋಗುವುದೊಂದೇ ಗೊತ್ತು. ಈ ಕತ್ತಿನಲ್ಲಿ ನೆಟ್ಟಗೆ ಹೋದರೆ ಅದು ಪಕ್ಕೆ ಸೀಳಿಕೊಂಡು ಹೊರಗೆ ಬರುತ್ತದೆ.

ಅಣ್ಣ ಅದಕ್ಕೆ ತಲೆಯನ್ನೇ ಕೆಡಿಸಿಕೊಳ್ಳಲಿಲ್ಲ. ಈ ಕಡೆಯಿಂದ ಅರ್ಧ, ಆ ಕಡೆಯಿಂದ ಅರ್ಧ ಕೊರೆದುಬಿಡು, ನೋಡುವವರಿಗೆ ತೂತು ಕಂಡರೆ ಸಾಕು, ಗಾಜಿನ ಹಿಂದೆ ಇಡುವ ಪೈಪನ್ನು ಯಾರು ಸೇದುತ್ತಾರೆ ಎಂದ.

"ಉಸಿರು ಹೋಗದ ತೂತು ನಾನು ಕೊರೆಯಲ್ಲ," ಎಂದಳು ತೂತಕ್ಕ.

ಮಾತಿಗೆ ಮಾತು ಬೆಳೆಯಿತು. ಪೆಟ್ಟಿಗೆ ಅಚ್ಚಾಗಿದೆ ಎಂದು ಅವನು, ನನ್ನನ್ನು ಕೇಳಿ ಅಚ್ಚು ಹಾಕಿಸಿದೆಯಾ ಎಂದು ಇವಳು. ಹುಡುಗಿ ಮೇಜಿನ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಕೊನೆಗೆ ಅಣ್ಣನ ಬಾಯಿಂದ ಬರಬಾರದ ಮಾತು ಬಂತು.

"ತೂತಿನ ಚಿಂತೆ ಅಲ್ಲ ನಿಂದು. ನಿನ್ನ ಪೈಪು ಆ ಹಲಗೆ ಮೇಲೆ ಹತ್ತಲಿಲ್ಲ, ಇವಳದು ಹತ್ತತ್ತೆ ಅಂತ ಹೊಟ್ಟೆಕಿಚ್ಚು."

ತೂತಕ್ಕ ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿ ಮನೆಗೆ ಹೋದಳು. ದಾರಿಯುದ್ದಕ್ಕೂ ಅಣ್ಣನಿಗೆ ಹೇಳಬೇಕಾಗಿದ್ದ ಉತ್ತರಗಳು ಒಂದಕ್ಕಿಂತ ಒಂದು ಚೆನ್ನಾಗಿ ಹೊಳೆದವು. ಜಗಳ ಮುಗಿದ ಮೇಲೇ ನಾಲಿಗೆ ಹರಿತವಾಗುವುದು ಅವಳೊಬ್ಬಳ ಕರ್ಮವೇನಲ್ಲ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆದಳು. ಮಾದರಿ ನೋಡಿ ಹುಡುಗಿ ಮರದಲ್ಲಿ ಕೆತ್ತಿಟ್ಟಿದ್ದ ಒಂದು ಪೈಪನ್ನು ಮೇಜಿನ ಇಕ್ಕಳಕ್ಕೆ ಬಿಗಿದು ತೂತಕ್ಕ ಬೈರಿಗೆ ಇಟ್ಟಳು. ಯಾಕೆ ಆಗುವುದಿಲ್ಲ ಎಂದು ಅಣ್ಣನ ಕಣ್ಣಿಗೆ ಹಿಡಿದು ತೋರಿಸಿದರೆ ಬಾಯಿ ಮುಚ್ಚುತ್ತಾನೆ ಎಂಬುದು ಅವಳ ಲೆಕ್ಕಾಚಾರ. ಬೈರಿಗೆ ಮೆಲ್ಲಗೆ ಒಳಗೆ ಹೋಯಿತು. ಹೋಗಿ, ಅವಳು ಅಂದುಕೊಂಡ ಜಾಗದಲ್ಲೇ, ಬಾತುಕೋಳಿಯ ನಯವಾದ ಪಕ್ಕೆ ಒಡೆದು ಮೂತಿ ಹೊರಗೆ ಹಾಕಿತು.

ತೂತಕ್ಕನಿಗೆ ಖುಷಿಯಾಯಿತು. ಒಳಗಿನಿಂದ, ತಡೆಯಲಾರದಷ್ಟು ಖುಷಿ. ಮರುಗಳಿಗೆಯೇ ಅವಳ ಕೈ ನಿಂತಿತು. ತೂತು ಕೆಟ್ಟದ್ದಕ್ಕೆ ಅವಳು ಬದುಕಿನಲ್ಲಿ ಯಾವತ್ತೂ ಖುಷಿಪಟ್ಟವಳಲ್ಲ. ಒಂದು ಕೆಟ್ಟರೆ ಆ ದಿನದ ಊಟ ರುಚಿಸುತ್ತಿರಲಿಲ್ಲ. ಅಣ್ಣ ಹೇಳಿದ್ದು ಸುಳ್ಳಲ್ಲ. ಹೊಟ್ಟೆಕಿಚ್ಚು ಇತ್ತು. ಇಷ್ಟು ವರ್ಷ ಎಲ್ಲಿ ಅಡಗಿತ್ತೋ, ಈಗ ಕೈಗೇ ಇಳಿದು ಬಂದಿತ್ತು. ಅವಳಿಗೆ ನಾಚಿಕೆಯಾಯಿತು. ಅಣ್ಣನೆದುರು ಅಲ್ಲ, ಬೈರಿಗೆಯ ಎದುರು.

ಒಡೆದ ಪೈಪನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಳು. ಕೂತಲ್ಲೇ ಒಂದು ಯೋಚನೆ ಬಂತು. ಎಷ್ಟು ಸುಲಭದ ಯೋಚನೆಯೆಂದರೆ, ಇಷ್ಟು ದಿನ ಯಾರಿಗೂ ಬರಲಿಲ್ಲವಲ್ಲ ಎಂದು ಸಿಟ್ಟೇ ಬಂತು. ಈ ಮನೆಯಲ್ಲಿ ಮೊದಲು ಆಕಾರ, ಆಮೇಲೆ ತೂತು. ಯಾಕೆ? ಅಪ್ಪ ಆಕಾರ ಕೊಡುತ್ತಿದ್ದ, ಎಲ್ಲದರಲ್ಲೂ ಅಪ್ಪನದೇ ಮೊದಲ ಪಾಳಿ, ಅಷ್ಟೇ ಕಾರಣ. ಮರಕ್ಕೆ ಅಂಥ ಹಟವೇನೂ ಇರಲಿಲ್ಲ.

ಹುಡುಗಿ ಒಳಗೆ ಬಂದವಳು ಅತ್ತೆಯ ಮಡಿಲಲ್ಲಿದ್ದ ಒಡೆದ ಪೈಪು ನೋಡಿ ಬಿಳಿಚಿಕೊಂಡಳು. ತೂತಕ್ಕ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ನಿಮ್ಮಪ್ಪ ಹೇಳಿದ್ದು ನಿಜ ಕಣೆ, ನಂಗೆ ಹೊಟ್ಟೆಕಿಚ್ಚಾಗಿತ್ತು. ಆದ್ರೆ ತೂತಿನ ವಿಷಯ ನಾನು ಹೇಳಿದ್ದೂ ನಿಜ. ಒಂದು ಕೆಲಸ ಮಾಡೋಣ. ಕೆತ್ತದೇ ಇರೋ ಮರ ಕೊಡು, ಮೊದಲು ನಾನು ಕೊರೀತೀನಿ. ಆಮೇಲೆ ಅದರ ಸುತ್ತ ನೀನು ಕೆತ್ತು."

ಹುಡುಗಿ ಒಪ್ಪಿದಳು, ಆದರೆ ಮೊದಮೊದಲು ಕೆಲಸ ಸಾಗಲಿಲ್ಲ. ಮರದ ಒಳಗೆ ದಾರಿ ಎಲ್ಲಿದೆಯೆಂದು ಉಳಿಗೆ ಕಾಣುವುದಿಲ್ಲವಲ್ಲ. ಒಂದೆರಡು ತುಂಡುಗಳು ಒಲೆಯ ಪಾಲಾದವು. ಆಮೇಲೆ ಹುಡುಗಿಯೇ ಉಪಾಯ ಹುಡುಕಿದಳು: ತೂತಿನಲ್ಲಿ ಒಂದು ನೆಟ್ಟನೆಯ ತಂತಿ ಸಿಕ್ಕಿಸಿಟ್ಟು, ಅದರ ಎರಡು ತುದಿಗಳನ್ನು ನೋಡಿಕೊಂಡು ಕೆತ್ತತೊಡಗಿದಳು. ಒಳಗಿನ ದಾರಿ ನೆಟ್ಟಗೇ ಉಳಿಯಿತು, ಹೊರಗಿನ ಮೈ ಮಾತ್ರ ತಿರುಗಿತು. ಅದಕ್ಕಾಗಿ ಕತ್ತಿನ ಒಂದು ಪಕ್ಕವನ್ನು ದಪ್ಪ ಬಿಡಬೇಕಾಯಿತು. ಆ ದಪ್ಪ ಕಣ್ಣಿಗೆ ಕುಂದಿನ ಹಾಗೆ ಕಾಣುತ್ತಿತ್ತು. ಹುಡುಗಿ ಅದನ್ನು ಮರೆಮಾಚಲು ಉಜ್ಜುತ್ತಾ ಉಜ್ಜುತ್ತಾ ಇದ್ದಕ್ಕಿದ್ದಂತೆ ಕೈ ತಡೆದಳು. ಅವಳ ಹೆಬ್ಬೆರಳು ಅಲ್ಲಿ ತಾನಾಗಿ ಹೋಗಿ ಕೂತಿತ್ತು. ತೂತಕ್ಕ ಹಿಡಿದು ನೋಡಿದಳು, ಅವಳದೂ ಕೂತಿತು. ಎಷ್ಟೋ ವರ್ಷಗಳ ಮೇಲೆ ರಜೆಯ ಪೈಪೊಂದು ಮೇಜಿನ ಮೇಲೆ ನಿಲ್ಲದೆ ಕೈಗೆ ಬರಲು ಹವಣಿಸುತ್ತಿತ್ತು.

ಅಣ್ಣ ನೋಡಿ ಮುಖ ಗಂಟಿಕ್ಕಿದ. ಪೆಟ್ಟಿಗೆಯ ಮೇಲಿನ ಚಿತ್ರವೇ ಬೇರೆ, ಒಳಗಿನ ಪೈಪೇ ಬೇರೆ, ಕೊಂಡವರು ನನ್ನ ಮುಖಕ್ಕೆ ಉಗಿಯುತ್ತಾರೆ ಎಂದು ಗೊಣಗಿದ. ಕತ್ತಿನ ಬೆಳ್ಳಿಯ ಬಳೆ ಹೋದ ವರ್ಷದ್ದೇ ಇದೆ, ಕಟ್ಟಳೆ ಮುರಿದಿಲ್ಲ, ಮಣ್ಣಿನ ಮಾದರಿಗಿಂತ ಇದೇ ತನ್ನದು ಎಂದು ಹುಡುಗಿ ಮೆಲ್ಲಗೆ, ಆದರೆ ಜಗ್ಗದೆ ಹೇಳಿದಳು. ಮಗಳು ಎದುರಾಡಿದ್ದು ಅದೇ ಮೊದಲು. ಅಣ್ಣ ಪೆಟ್ಟಿಗೆಗಳ ಮೇಲೆ ಅಂಟಿಸಲು ಬೇರೆ ಚಿತ್ರ ಮಾಡಿಸಿದ, ಅಂಟಿಸುವ ಕೆಲಸಕ್ಕೂ ತಾನೇ ಕೂತ.

ಉಸಿರು ನೋಡುವ ದಿನ ಮಧ್ಯಾಹ್ನ ಎಲ್ಲರೂ ಮೇಜಿನ ಸುತ್ತ ನಿಂತರು. ತೂತಕ್ಕ ಎಂದಿನಂತೆ ಕೋಳಿಯ ಗರಿಯೊಂದನ್ನು ತೂತಿನೊಳಗೆ ಹಾಯಿಸಿ, ಆ ಕಡೆಯಿಂದ ಎಳೆದು, ಒಳಗಿನ ಪುಡಿ ತೆಗೆದಳು. ಅಭ್ಯಾಸಬಲದಿಂದ ಅಣ್ಣನ ಕೈ ಮುಂದೆ ಬಂತು. ಆದರೆ ಈ ವರ್ಷ ಕೆತ್ತಿದವಳು ಹುಡುಗಿ. ಅವಳು ಪೈಪನ್ನು ತೆಗೆದುಕೊಂಡು, ಒಂದು ಕ್ಷಣ ಹಿಡಿದು, ತೂತಕ್ಕನಿಗೇ ವಾಪಸು ಕೊಟ್ಟಳು.

"ಈ ಸಲ ಮೊದಲು ಮಾಡಿದ್ದು ನೀವಲ್ವಾ ಅತ್ತೆ. ನೀವೇ ನೋಡಿ."

ತೂತಕ್ಕ ಅಂಗೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಜೀವಮಾನವಿಡೀ ಪೈಪು ಕೊರೆದವಳು ಒಂದನ್ನೂ ಬಾಯಿಗೆ ಇಟ್ಟವಳಲ್ಲ. ಇಡು ಎಂದು ಯಾರೂ ಹೇಳಿರಲಿಲ್ಲ, ಇಡಬೇಕು ಎಂದು ಅವಳಿಗೂ ತೋಚಿರಲಿಲ್ಲ. ಕೊಳವೆಯನ್ನು ತುಟಿಗಿಟ್ಟು ಎಳೆದಳು. ತಣ್ಣಗೆ, ಎಲ್ಲೂ ತಡೆಯಿಲ್ಲದೆ, ಮರದ ವಾಸನೆ ಹೊತ್ತು ಗಾಳಿ ಬಂತು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. 'ಹೂಂ' ಎನ್ನಬೇಕೋ 'ಸರಿ' ಎನ್ನಬೇಕೋ ಅವಳಿಗೆ ತಿಳಿಯಲಿಲ್ಲ. ಇನ್ನೊಂದು ಸಲ ಎಳೆದಳು.

"ಇಷ್ಟು ಚೆನ್ನಾಗಿರತ್ತೆ ಅಂತ ಯಾರೂ ಹೇಳಲೇ ಇಲ್ವಲ್ಲ ನಂಗೆ," ಎಂದಳು.

ಯಾರೂ ನಗಲಿಲ್ಲ. ಅಣ್ಣ ಗೋಡೆಯ ಹತ್ತಿರ ಹೋಗಿ, ಹಲಗೆಯ ಮೇಲಿಂದ ಹೋದ ವರ್ಷದ ಪೈಪು ಇಳಿಸಿ, ಅಂಗಿಯ ತುದಿಯಿಂದ ಧೂಳು ಒರೆಸಿ ತಂಗಿಯ ಕೈಯಲ್ಲಿಟ್ಟ. ಇದನ್ನೂ ನೋಡು ಎಂದ. ಅವಳು ನೋಡಿದಳು. ಅವನು ಅದರ ಹಿಂದಿನದನ್ನು ಕೊಟ್ಟ, ಅದರ ಹಿಂದಿನದನ್ನೂ. ಚಪ್ಪಟೆ ತಳದ್ದು, ತೊಗಟೆ ಮೈಯದ್ದು, ಮೋಟು ಮೂತಿಯದ್ದು. ಕೈಗೆ ಬಂದಾಗ ಒಂದರ ಹಾಗೆ ಒಂದಿರಲಿಲ್ಲ, ಬಾಯಿಗಿಟ್ಟರೆ ಎಲ್ಲದರೊಳಗೂ ಅದೇ ಗಾಳಿ. ಕೊನೆಗೆ ಅಪ್ಪನ ಮೊದಲ ಪೈಪು ಬಂತು, ಸ್ಟೂಲಿನ ಕಾಲಿನಂಥದ್ದು. ಅದರ ತೂತು ಅಮ್ಮನದು ಎಂದು ಅವಳಿಗೆ ಗೊತ್ತು. ಕಣ್ಣು ಮುಚ್ಚಿ ಎಳೆದಳು. ಸಾಲಿನಲ್ಲಿ ಎಲ್ಲಿಗೆ ಅಮ್ಮನ ಕೆಲಸ ನಿಂತು ಎಲ್ಲಿಂದ ತನ್ನದು ಶುರುವಾಗಿತ್ತು ಎಂದು ಆ ಗಾಳಿಯಲ್ಲಿ ಅವಳಿಗೆ ಗೊತ್ತಾಗಲೇ ಇಲ್ಲ.