ಏಳನೇ ಟೇಕ್

ಬರೆದ, ಓದಿದ, ಅಳಿಸಿದ. ಇದು ಐದನೇ ಸಲ.

ಕಾಲೇಜಿನ ಎಡಿಟಿಂಗ್ ಕೋಣೆಯ ಕಂಪ್ಯೂಟರಿನಲ್ಲಿ ಆರನೇ ಪ್ರಶ್ನೆ ಜಪ್ಪಯ್ಯ ಅಂದರೂ ಕದಲದೆ ಕೂತಿತ್ತು: ‘ನಿಮ್ಮ ಪಾತ್ರಧಾರಿಯಿಂದ ನಿಮಗೆ ಬೇಕಾದ ಅಭಿನಯವನ್ನು ಹೇಗೆ ಪಡೆದಿರಿ? ವಿವರಿಸಿ.’ ಮೊದಲ ಐದಕ್ಕೆ ಅವನು ಸಲೀಸಾಗಿ ಸುಳ್ಳು ಬರೆದು ಮುಗಿಸಿದ್ದ. ಬೆಳಕಿನ ಬಗ್ಗೆ ಅರ್ಧ ಪುಟ. ಬೆಳಕು ಕಿಟಕಿಯಿಂದ ತಾನಾಗಿಯೇ ಬಿದ್ದದ್ದು. ಮೌನದ ಬಗ್ಗೆ ಮುಕ್ಕಾಲು ಪುಟ. ಸಂಗೀತ ಹಾಕುವುದಕ್ಕೆ ಪುರುಸೊತ್ತಾಗಿರಲಿಲ್ಲ.

ನಾಲ್ಕು ಗಂಟೆಯೊಳಗೆ ತಾನು ಮಾಡಿದ ಚಿತ್ರದ ಬಗೆಗಿನ ಈ ಅವಲೋಕನವನ್ನೂ ಕ್ಯಾಮೆರಾದ ಮೆಮೊರಿ ಕಾರ್ಡನ್ನೂ ಪಾಠ ಮಾಡುವ ಮೇಡಂಗೆ ಒಪ್ಪಿಸಬೇಕು. ಕಾರ್ಡು ವಿಭಾಗದ್ದು. ಮೇಡಂ ಅದರಲ್ಲಿರುವುದನ್ನೆಲ್ಲ ಅಳಿಸಿ ಮುಂದಿನವರಿಗೆ ಕೊಡುತ್ತಾರೆ.

ಮಾಧ್ಯಮ ಅಧ್ಯಯನದ ಕೊನೆಯ ವರ್ಷದವರು ಮಾಡಬೇಕಾದದ್ದು ಸಿನಿಮಾ ಅಲ್ಲ, ಸಿನಿಮಾದ ಆರಂಭ. ಎರಡೇ ನಿಮಿಷ. ಅದರ ಮುಂದಿನದು ಯಾರಿಗೂ ಬೇಡ. ಇಂಜಿನಿಯರಿಂಗನ್ನು ಅರ್ಧಕ್ಕೆ ಬಿಟ್ಟು ಬಂದಿದ್ದ ಅವನಿಗೆ ಈ ಏರ್ಪಾಡು ಬಹಳ ಹಿಡಿಸಿತ್ತು. ಮುಂದೇನು ಎಂದು ತಲೆ ಕೆಡಿಸಿಕೊಳ್ಳದೆ ಮಾರ್ಕ್ಸ್ ಸಿಗುವ ವಿಷಯ ಬೇರೆಲ್ಲಿದೆ?

ಅವನ ಎರಡು ನಿಮಿಷದಲ್ಲಿ ನಡೆಯುವುದಿಷ್ಟು: ಒಬ್ಬ ಹೆಂಗಸು ಲೋಟ ತೊಳೆದು ಬೋರಲು ಹಾಕುತ್ತಾಳೆ. ಹಸಿರು ಸ್ವೆಟರ್ ತೊಡುತ್ತಾಳೆ. ಮಂಚದ ಕೆಳಗಿನಿಂದ ಕಂದು ಚೀಲ ಎಳೆದುಕೊಂಡು, ಬಾಗಿಲು ತೆರೆದು, ಹೊರಟುಹೋಗುತ್ತಾಳೆ. ತೆರೆದ ಬಾಗಿಲಿನ ಮೇಲೆ ಶೀರ್ಷಿಕೆ ಮೂಡುತ್ತದೆ. ಆ ಹೆಂಗಸು ಅವನ ಅಮ್ಮ.

ಹನ್ನೆರಡು ದಿನದ ಹಿಂದೆ ಅವನು ಕಾಲೇಜಿನಿಂದ ಮನೆಗೆ ಬಂದಾಗ ಲೋಟ ಬೋರಲು ಬಿದ್ದಿತ್ತು. ಗೂಟದಲ್ಲಿ ಹಸಿರು ಸ್ವೆಟರ್ ಇರಲಿಲ್ಲ. ಮಂಚದ ಕೆಳಗೆ ಬಗ್ಗಿ ನೋಡಿದರೆ ಚೀಲವೂ ಇರಲಿಲ್ಲ. ಮೇಜಿನ ಮೇಲೆ ಅಮ್ಮನ ಕೀಲಿಕೈ ಇತ್ತು. ಮರುದಿನ ಅವಳದು ಒಂದೇ ಒಂದು ಫೋನ್ ಬಂತು: “ಚೆನ್ನಾಗಿದ್ದೀನಿ. ಹುಡುಕ್ಬೇಡಿ.”

ಮೂರನೇ ದಿನ ಊಟಕ್ಕೆ ಕೂತಾಗ ಅಪ್ಪ ತಟ್ಟೆಯಿಂದ ತಲೆ ಎತ್ತದೆ ಹೇಳಿದ, “ಚೀಲ ತುಂಬಿಸಿಟ್ಟವನು ನೀನು.”

ಅದು ಸುಳ್ಳಾಗಿದ್ದರೆ ಅವನು ಜಗಳವಾಡಬಹುದಿತ್ತು.

ಮೊದಲ ಟೇಕಿನಲ್ಲಿ ಚೀಲ ಖಾಲಿಯಿತ್ತು. ಅಮ್ಮ ಅದನ್ನು ಬೀಸಿಕೊಂಡು ಪೇಟೆಗೆ ಹೊರಟವಳ ಹಾಗೆ ನಡೆದಿದ್ದಳು.

“ಖಾಲಿ ಅಂತ ಗೊತ್ತಾಗುತ್ತಮ್ಮ. ಏನಾದ್ರೂ ತುಂಬು.”

“ಏನು ತುಂಬ್ಲಿ?”

“ಅವಳು ಏನು ತಗೊಂಡು ಹೋಗ್ತಾಳೋ ಅದನ್ನ.”

ಅಮ್ಮ ಒಂದು ಗಳಿಗೆ ಅವನನ್ನು ನೋಡಿ ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಚೀಲದ ಭಾರಕ್ಕೆ ಅವಳ ಒಂದು ಭುಜ ತಗ್ಗಿತ್ತು. ಅವನು ಚಪ್ಪಾಳೆ ತಟ್ಟಿದ. “ಇದೇ, ಇದೇ ಬೇಕಿತ್ತು!” ಏನು ತುಂಬಿಕೊಂಡೆ ಎಂದು ಕೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.

ಶೂಟಿಂಗ್ ಮೂರು ಭಾನುವಾರ ಎಳೆಯಿತು. ನಡುವೆ ಅಮ್ಮ ಚೀಲ ಬಿಚ್ಚಲು ಹೋದಾಗ ಅವನು ಹೌಹಾರಿದ್ದ. “ಮುಟ್ಬೇಡ! ಕಂಟಿನ್ಯೂಟಿ. ಒಂದು ಶಾಟಿಗೂ ಇನ್ನೊಂದಕ್ಕೂ ಉಬ್ಬು ಒಂದೇ ಥರ ಇರ್ಬೇಕು.” ಹಾಗಾಗಿ ಚೀಲ ತುಂಬಿದ್ದು ತುಂಬಿದ ಹಾಗೆಯೇ ಮಂಚದ ಕೆಳಗೆ ಉಳಿಯಿತು. ಅಪ್ಪ ಮೇಲೆ ಮಲಗುತ್ತಿದ್ದ, ಅಮ್ಮನೂ.

“ಯಾಕೋ ಹೋಗ್ತಾಳೆ ಇವಳು?” ಎಂದು ಅವಳು ಎರಡನೇ ಭಾನುವಾರ ಕೇಳಿದ್ದಳು.

“ಅದು ಆಮೇಲೆ ಗೊತ್ತಾಗುತ್ತೆ.”

“ಯಾರಿಗೆ?”

“ನೋಡೋರಿಗೆ.”

“ಮನೇಲಿರೋರಿಗೆ?”

“ಅಮ್ಮ, ಶಾಟ್‌ನಲ್ಲಿ ಮನೇಲಿ ಯಾರೂ ಇಲ್ಲ. ನೀನೊಬ್ಳೇ.”

“ಹಾಗಾದ್ರೆ ಸರಿ,” ಎಂದಿದ್ದಳು ಅಮ್ಮ. ಅವತ್ತು ಅವನಿಗೆ ಅದು ನಗುವ ಮಾತಾಗಿ ಕೇಳಿಸಿತ್ತು.

ಫೋನ್ ಗುರ್ ಎಂದಿತು. ಅಪ್ಪ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಅವನದು. ಬೆಳಗಿನಿಂದ ಸಂಜೆಯವರೆಗೆ ಜನರಿಗೆ ‘ಉಸಿರು ಹಿಡೀರಿ, ಬಿಡಿ’ ಎನ್ನುತ್ತಾನೆ. ಮನೆಗೆ ಬರುವಷ್ಟರಲ್ಲಿ ಅವನ ಮಾತೆಲ್ಲ ಮುಗಿದಿರುತ್ತದೆ.

“ಬಾಗಿಲು ಹಾಕಿದ್ಯಾ?”

“ಹೂಂ.”

“ಎರಡು ಸುತ್ತು?”

“ಹೂಂ.”

“ಏನಾದ್ರೂ ಸುದ್ದಿ?”

“ಯಾವ ಸುದ್ದಿ?”

“ಏನಿಲ್ಲ. ಸುಮ್ನೆ ಕೇಳ್ದೆ.” ಹಿಂದೆ ಯಾರೋ ಕೆಮ್ಮಿದರು. “ಇಡ್ತೀನಿ. ಪೇಷಂಟ್ ಇದ್ದಾರೆ.”

ಇವತ್ತು ಸಂಜೆ ಅಪ್ಪನನ್ನು ಕೂರಿಸಿಕೊಂಡು ಏಳನೇ ಟೇಕ್ ತೋರಿಸಬೇಕು ಎಂದು ಅವನು ನಿರ್ಧಾರ ಮಾಡಿದ್ದ. ಅದಕ್ಕೇ ಜೇಬಿನಲ್ಲಿ ಪೆನ್‌ಡ್ರೈವ್ ಇಟ್ಟುಕೊಂಡು ಬಂದಿದ್ದ. ಈ ಹನ್ನೆರಡು ದಿನ ಅವನು ಜೀವ ಹಿಡಿದುಕೊಂಡಿದ್ದರೆ ಅದು ಆ ಒಂದು ಟೇಕಿನಿಂದ.

ಹೊಸ್ತಿಲು ದಾಟಿ ಎರಡು ಹೆಜ್ಜೆ ಇಟ್ಟು ನಿಲ್ಲಬೇಕು ಎಂದು ಅವನು ಅಮ್ಮನಿಗೆ ಹೇಳಿದ್ದ. ಏಳನೇ ಟೇಕಿನಲ್ಲಿ ಅವಳು ನಿಲ್ಲಲಿಲ್ಲ. ‘ಕಟ್’ ಎಂದರೂ ಹೋಗುತ್ತಲೇ ಇದ್ದಳು. ಅವನು ಕ್ಯಾಮೆರಾ ಬಿಟ್ಟು ಹಿಂದೆಯೇ ಓಡಿದ. ಬಸ್ ನಿಲ್ದಾಣದ ತಿರುವಿನಲ್ಲಿ ಸಿಕ್ಕಳು.

“ಓ, ಮುಗೀತಾ?” ಎಂದಳು. “ಎಲ್ಲೀವರೆಗೆ ಹೋಗ್ಬೇಕು ಅಂತ ನೀನು ಹೇಳ್ಲೇ ಇಲ್ವಲ್ಲೋ.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಚೀಲ ಇಸಿದುಕೊಂಡು ಅವಳನ್ನು ಮನೆಗೆ ಕರೆದುಕೊಂಡು ಬಂದ. ತಾನೇ ಬಾಗಿಲು ತೆಗೆದು ಒಳಗೆ ಬಿಟ್ಟ. ಅವನಿಗೆ ಚೆನ್ನಾಗಿ ನೆನಪಿದೆ. ಚೀಲ ತುಂಬಿಸಿದವನು ನಾನೇ ಇರಬಹುದು, ಆದರೆ ಹಿಂದೆ ಓಡಿದವನೂ ನಾನೇ ಎಂದು ಅಪ್ಪನಿಗೆ ಹೇಳಬೇಕು. ನೀನು ಒಂದು ಹೆಜ್ಜೆಯಾದರೂ ಓಡಿದ್ದೀಯಾ ಎಂದು ಕೇಳಬೇಕು.

ಮೂರು ಗಂಟೆಗೆ ಮೇಡಂ ಇಣುಕಿದರು. ಅವರಿಗೆ ಇಪ್ಪತ್ತಾರು ಆರಂಭಗಳನ್ನು ನೋಡಿ ಸಾಕುಬೇಕಾಗಿತ್ತು.

“ನಿನ್ನದು ನೋಡ್ದೆ. ಚೆನ್ನಾಗಿದೆ. ಆ ಹೆಂಗಸು ಯಾರು, ನಾಟಕದೋರಾ?”

“ಅಲ್ಲ ಮೇಡಂ. ಮನೆಯೋರು.”

“ಭೇಷ್. ಮುಖದಲ್ಲಿ ಒಂಚೂರೂ ನಾಟಕ ಇಲ್ಲ. ನಿಜವಾಗ್ಲೂ ಹೋಗ್ತಿದ್ದಾಳೆ ಅನ್ಸುತ್ತೆ. ಹೇಗೆ ಮಾಡಿಸ್ದೆ?”

“ಬರೀತಾ ಇದ್ದೀನಿ ಮೇಡಂ.”

“ವಾಪಸ್ ಬರ್ತಾಳಾ ಅವಳು?”

“ಎರಡೇ ನಿಮಿಷ ಅಂದಿದ್ರಲ್ಲ ಮೇಡಂ.”

ಮೇಡಂ ನಕ್ಕು ಗಡಿಯಾರ ತೋರಿಸಿ ಹೋದರು.

ಅವನು ಹೆಡ್‌ಫೋನ್ ಹಾಕಿಕೊಂಡು ಏಳನೇ ಟೇಕ್ ತೆರೆದ. ‘ಕೆಟ್ಟಿದೆ’ ಎಂದು ಅವತ್ತೇ ಗುರುತು ಹಾಕಿ ಬಿಟ್ಟಿದ್ದರಿಂದ ಒಮ್ಮೆಯೂ ಪೂರ್ತಿ ನೋಡಿರಲಿಲ್ಲ. ಒಂಬತ್ತು ನಿಮಿಷ ನಲವತ್ತು ಸೆಕೆಂಡ್.

ಅಮ್ಮ ಲೋಟ ಬೋರಲು ಹಾಕಿದಳು. ಸ್ವೆಟರ್. ಚೀಲ. ಬಾಗಿಲು. ‘ಕಟ್’ ಎಂದ ತನ್ನ ದನಿ ಕೇಳಿಸಿತು. ಮತ್ತೆ ‘ಕಟ್, ಅಮ್ಮಾ, ಕಟ್!’ ತನ್ನ ಬೆನ್ನು ಚೌಕಟ್ಟಿನಲ್ಲಿ ಹಾದು ಬಾಗಿಲಾಚೆ ಓಡಿತು. ಅವನು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ. ಇದೇ. ಇದನ್ನೇ ಅಪ್ಪ ನೋಡಬೇಕು.

ಆಮೇಲೆ ಬರೀ ತೆರೆದ ಬಾಗಿಲು. ಹೊರಗೆ ಬಿಸಿಲು. ಒಂದು ಸೈಕಲ್ ಹೋಯಿತು.

ನಾಲ್ಕನೇ ನಿಮಿಷದಲ್ಲಿ ಒಳಕೋಣೆಯಿಂದ ಅಪ್ಪ ಬಂದ, ಕೈಯಲ್ಲಿ ಪೇಪರ್. ತೆರೆದ ಬಾಗಿಲನ್ನು ನೋಡಿದ. “ಬಾಗಿಲು ಹಾಕ್ಕೊಳ್ಳೋಕೂ ಆಗಲ್ಲ ಇವರಿಗೆ,” ಎಂದು ಗೊಣಗಿ ಬಾಗಿಲು ಮುಚ್ಚಿದ. ಚಿಲಕ ಹಾಕಿದ. ಎಳೆದು ನೋಡಿದ. ಪೇಪರ್ ಮಡಿಸಿಕೊಂಡು ಒಳಗೆ ಹೋದ.

ಕತ್ತಲಾದ ಚೌಕಟ್ಟಿನಲ್ಲಿ ಬಾಗಿಲಿನ ಅಂಚಿಗೆ ಒಂದು ಬೆಳಕಿನ ಗೆರೆ ಉಳಿಯಿತು.

ಅವನಿಗೆ ಒಳಗೊಳಗೇ ಒಂದು ಕೆಟ್ಟ ಖುಷಿಯಾಯಿತು. ಸಿಕ್ಕಿಬಿದ್ದೆಯಲ್ಲ ಅಪ್ಪಾ ಎಂದುಕೊಂಡು ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟ.

ಎಂಟನೇ ನಿಮಿಷದ ಕೊನೆಗೆ ಹೊರಗೆ ಇಬ್ಬರು ನಗುವುದು ಕೇಳಿಸಿತು. ಬಾಗಿಲು ತಳ್ಳಿದ ಸದ್ದು. ನಗು ನಿಂತಿತು. “ಇರು, ನಾನು ಹಿಂದ್ಗಡೆಯಿಂದ ಹೋಗಿ ತೆಗೀತೀನಿ,” ಎಂದಿತು ಅವನ ದನಿ. ಅಮ್ಮ ಬಾಗಿಲು ತಟ್ಟಿದಳು. ಟಕ್, ಟಕ್. ಮೆಲ್ಲಗೆ, ಪಕ್ಕದ ಮನೆಗೆ ಬಂದವರ ಹಾಗೆ.

ಹಿತ್ತಿಲ ಬಾಗಿಲಿನಿಂದ ಅವನು ಒಳಗೆ ಬಂದ. ಚೀಲ ಅವನ ಕೈಯಲ್ಲಿತ್ತು. ಕೀಲಿಕೈ ಹುಡುಕುವ ಅಗತ್ಯವೂ ಇರಲಿಲ್ಲ. ಚಿಲಕ ಎರಡು ಹೆಜ್ಜೆ ದೂರದಲ್ಲಿತ್ತು. ಅವನು ಬಾಗಿಲ ಮುಂದೆಯೇ ಹಾದು ನೇರ ಕ್ಯಾಮೆರಾದ ಹತ್ತಿರ ಬಂದ. ಬಗ್ಗಿದ. ಕೆಂಪು ದೀಪ ಇನ್ನೂ ಉರಿಯುತ್ತಿರುವುದನ್ನು ಕಂಡು, “ಥೂ, ಓಡ್ತಾನೇ ಇದ್ಯಲ್ಲ!” ಎಂದ. ಕಾರ್ಡಿನಲ್ಲಿ ಇನ್ನೆಷ್ಟು ನಿಮಿಷ ಉಳಿದಿದೆ ಎಂದು ನೋಡಿದ. ಬಟ್ಟೆಯ ತುದಿಯಿಂದ ಲೆನ್ಸ್ ಒರೆಸಿದ. ಅವನ ಮುಖ ಚೌಕಟ್ಟನ್ನೆಲ್ಲ ತುಂಬಿತು. ಹಿಂದೆ, ಮಸುಕಿನಲ್ಲಿ, ಟಕ್, ಟಕ್. ಮುಖ ತಿರುಗಲಿಲ್ಲ. ಟಕ್, ಟಕ್.

ವಿಡಿಯೊ ಮುಗಿಯಿತು.

ಬಾಗಿಲು ಯಾರು ತೆಗೆದರು? ಅವನು ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಕೊನೆಯ ಒಂದು ನಿಮಿಷವನ್ನು ಮತ್ತೆ ಹಾಕಿದ. ಮತ್ತೊಮ್ಮೆ ಹಾಕಿದ. ಪ್ರತಿ ಸಲವೂ ಅವನು ಬಾಗಿಲಿನ ಪಕ್ಕದಲ್ಲೇ ಹಾದು ಕ್ಯಾಮೆರಾಗೆ ಬಂದ.

ನಾಲ್ಕು ಗಂಟೆಗೆ ಮೇಡಂ ಬಂದು ಪಕ್ಕದಲ್ಲಿ ನಿಂತಾಗ ಅದು ನಾಲ್ಕನೇ ಸಲ ಓಡುತ್ತಿತ್ತು. ಹೆಡ್‌ಫೋನ್ ಕುತ್ತಿಗೆಗೆ ಜಾರಿತ್ತು.

“ಆಯ್ತಾ? ಆರನೇದು ಹಾಗೇ ಬಿಟ್ಟಿದ್ದೀಯಲ್ಲ.”

“ಬಿಟ್ಟಿದ್ದೀನಿ ಮೇಡಂ.”

“ಎರಡು ಮಾರ್ಕ್ಸ್ ಹೋಗುತ್ತೆ, ನಿನ್ನಿಷ್ಟ. ಕಾರ್ಡ್‌ನಲ್ಲಿ ಇಟ್ಕೊಳ್ಳೋದೇನಾದ್ರೂ ಇದ್ಯಾ?”

ಅವನು ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡ. “ಏನಿಲ್ಲ.”

ಮೇಡಂ ಕಾರ್ಡಿಗೆ ಕೈ ಹಾಕಿದವರು ಕಿವಿಗೊಟ್ಟರು. “ಏನದು, ಟಕ್ ಟಕ್ ಅಂತ?”

“ನಾಯ್ಸ್ ಮೇಡಂ,” ಎಂದ ಅವನು. “ತೆಗೆದುಬಿಡ್ಬಹುದು.”

ಮೇಡಂ ಕಾರ್ಡು ಎಳೆದುಕೊಂಡರು. ಸದ್ದು ನಿಂತಿತು. ಪರದೆಯ ಮೇಲೆ ಅವನ ಮುಖ ಹಾಗೇ ಉಳಿದುಕೊಂಡಿತ್ತು, ಬಾಗಿಲಿಗೆ ಅಡ್ಡವಾಗಿ.